ಎಫ್/22 ಹಾಕಿದರೂ ಮೊಗ್ಗು ಯಾಕೆ ಮಸುಕು?

ವಸಂತ ಬಂತೆಂದರೆ ನನ್ನ ಇನ್‌ಬಾಕ್ಸ್ ತುಂಬ ಮೊಗ್ಗುಗಳು, ಜತೆಗೆ ಒಂದೇ ದೂರು. "ಸರ್, ಎಫ್/22 ಹಾಕಿದ್ದೀನಿ, ಆದ್ರೂ ಮೊಗ್ಗು ಪೂರ್ತಿ ಶಾರ್ಪ್ ಬರ್ತಿಲ್ಲ. ಲೆನ್ಸ್ ಬದಲಾಯಿಸ್ಲಾ?" ಬೇಡ ಮಾರಾಯರೇ. ಲೆನ್ಸ್ ಪಾಪದ್ದು, ಅದರದೇನೂ ತಪ್ಪಿಲ್ಲ.

ಬೆಟ್ಟಗುಡ್ಡ ತೆಗೆಯುವಾಗ ಅಪರ್ಚರ್, ಅಂದರೆ ಲೆನ್ಸಿನೊಳಗೆ ಬೆಳಕು ನುಗ್ಗುವ ಕಿಂಡಿ, ಕಿರಿದು ಮಾಡಿದರೆ (ಎಫ್ ಅಂಕಿ ದೊಡ್ಡದಾದಷ್ಟೂ ಕಿಂಡಿ ಸಣ್ಣದು) ಕಾಲಬುಡದ ಕಲ್ಲಿನಿಂದ ದಿಗಂತದವರೆಗೆ ಎಲ್ಲ ಸ್ಪಷ್ಟ. ಅದೇ ಅಭ್ಯಾಸವನ್ನು ಮೊಗ್ಗಿನ ಮುಂದೂ ತರುತ್ತಾರೆ. ಇಲ್ಲಿ ಲೆಕ್ಕವೇ ಬೇರೆ. ಕ್ಯಾಮೆರಾದೊಳಗೆ ಚಿತ್ರ ಹಿಡಿಯುವ ಸೆನ್ಸರ್ ಮೇಲೆ ಮೊಗ್ಗು ತನ್ನ ನಿಜ ಗಾತ್ರದಲ್ಲೇ ಬೀಳುವಷ್ಟು ಹತ್ತಿರ, ಅಂದರೆ 1:1ಕ್ಕೆ ಹೋದಿರಿ ಅನ್ನಿ. ದೊಡ್ಡ ಸೆನ್ಸರಿನ ಫುಲ್ ಫ್ರೇಮ್ ಕ್ಯಾಮೆರಾದಲ್ಲಿ ಎಫ್/8 ಇಟ್ಟರೆ ಸ್ಪಷ್ಟವಾಗಿ ಕಾಣುವ ಭಾಗದ ಆಳ ಸುಮಾರು 1 ಮಿಲಿಮೀಟರ್. ಎಫ್/16ಕ್ಕೆ ಸುಮಾರು 2. ಎಫ್/22ಕ್ಕೆ ಹೋದರೂ 3 ಮುಟ್ಟುವುದಿಲ್ಲ. ಮೊಗ್ಗಿನ ದಪ್ಪವೇ ಅದರ ನಾಲ್ಕೈದು ಪಟ್ಟು. ಉಳಿದದ್ದನ್ನು ಎಲ್ಲಿಂದ ತರುತ್ತೀರಿ?

ಸಾಲದ್ದಕ್ಕೆ, ಹತ್ತಿರ ಹೋದಷ್ಟೂ ಅಪರ್ಚರ್ ನೀವು ಇಟ್ಟದ್ದಕ್ಕಿಂತ ಕಿರಿದಾಗಿ ಕೆಲಸ ಮಾಡುತ್ತದೆ. 1:1ರಲ್ಲಿ ಎಫ್/22 ಹೆಚ್ಚುಕಡಿಮೆ ಎಫ್/45 ಆಗಿಬಿಡುತ್ತದೆ (ಲೆನ್ಸ್ ವಿನ್ಯಾಸ ನೋಡಿಕೊಂಡು ತುಸು ಆಚೀಚೆ). ಅಷ್ಟು ಸಣ್ಣ ಕಿಂಡಿಯಲ್ಲಿ ನುಗ್ಗಿದ ಬೆಳಕು ಅಂಚಿಗೆ ತಾಗಿ ಹರಡುತ್ತದೆ. ಇದೇ ವಿವರ್ತನೆ. ಫೋಕಸ್ ಸರಿಯಾಗಿ ಕೂತಿರುವ ಜಾಗವೂ ಆಗ ಮೆತ್ತಗಾಗುತ್ತದೆ. ಶಟರ್ ನಿಧಾನವಾಗಿ, ಗಾಳಿಗೆ ಮೊಗ್ಗು ಅಲುಗುವುದು ಬೇರೆ. ನಾನಂತೂ ಎಫ್/8, ಹೆಚ್ಚೆಂದರೆ ಎಫ್/11 ದಾಟುವುದು ಅಪರೂಪ.

ಹಾಗಾದರೆ ಮಾಡುವುದೇನು? ಸ್ಪಷ್ಟವಾಗಿ ಕಾಣುವ ಆ ತೆಳು ಪದರವನ್ನು ಸೆನ್ಸರ್‌ಗೆ ಸಮಾನಾಂತರವಾಗಿ ನಿಂತ ಗಾಜಿನ ಹಾಳೆ ಅಂದುಕೊಳ್ಳಿ. ಅದನ್ನು ದಪ್ಪ ಮಾಡುವ ಹಟ ಬಿಟ್ಟು, ಎಲ್ಲಿ ನಿಲ್ಲಿಸಬೇಕೆಂದು ಯೋಚಿಸಿ. ಮೊಗ್ಗಿನ ತುದಿಯನ್ನು ಮೇಲಿನಿಂದ ಬಗ್ಗಿ ನೋಡಿದರೆ ಹಾಳೆ ಅಡ್ಡ ಬಿದ್ದು ಒಂದು ಚೂರನ್ನಷ್ಟೇ ಹಿಡಿಯುತ್ತದೆ. ಪಕ್ಕದಿಂದ, ಕ್ಯಾಮೆರಾದ ಬೆನ್ನು ಮತ್ತು ಮೊಗ್ಗಿನ ತೊಟ್ಟು ಒಂದಕ್ಕೊಂದು ಸಮಾನಾಂತರವಾಗುವಂತೆ ಕೂತರೆ ಅದೇ ಹಾಳೆ ತೊಟ್ಟಿನಿಂದ ತುದಿಯವರೆಗೆ ಉದ್ದಕ್ಕೂ ಸಿಗುತ್ತದೆ. ಟ್ರೈಪಾಡ್ ನಿಲ್ಲಿಸಿದ ಮೇಲೆ ಒಮ್ಮೆ ಪಕ್ಕಕ್ಕೆ ಸರಿದು ಕಣ್ಣಳತೆಯಲ್ಲೇ ನೋಡಿ. ಹತ್ತು ಜನರಲ್ಲಿ ಒಂಬತ್ತು ಜನ ಇಷ್ಟನ್ನೂ ನೋಡುವುದಿಲ್ಲ.

ನನ್ನ ತರಗತಿಗೆ ಬರುತ್ತಿದ್ದ ಹಿರಿಯರೊಬ್ಬರಿಗೆ ಮಂಡಿನೋವು. ಬಗ್ಗಿ ಕೂರಲಾಗದೆ ಎಲ್ಲವನ್ನೂ ಮೇಲಿನಿಂದಲೇ ತೆಗೆಯುವರು, ಆಮೇಲೆ ನನ್ನೊಡನೆ ಜಗಳ. ಕೊನೆಗೆ ಗಿಡ್ಡ ಸ್ಟೂಲ್ ತಂದು ಗುಲಾಬಿ ಮೊಗ್ಗಿನ ಎದುರು ಕೂತರು. ಸ್ವಲ್ಪ ಹೊತ್ತಿಗೆ ಕೂಗಿದರು, "ಇಲ್ಲಿ ಬನ್ನಿ, ಈ ಹಸಿರು ಪುಷ್ಪಪತ್ರಗಳು ಒಂದರಂತೆ ಒಂದಿಲ್ಲ!" ನಿಜ. ಹಲವು ಗುಲಾಬಿಗಳಲ್ಲಿ ಮೊಗ್ಗನ್ನು ಹೊರಗಿನಿಂದ ಮುಚ್ಚಿಕೊಂಡಿರುವ ಈ ಐದು ಪುಷ್ಪಪತ್ರಗಳ ಪೈಕಿ ಎರಡಕ್ಕೆ ಎರಡೂ ಅಂಚಿನಲ್ಲಿ ಕುಚ್ಚು, ಎರಡಕ್ಕೆ ಇಲ್ಲವೇ ಇಲ್ಲ, ಇನ್ನೊಂದಕ್ಕೆ ಒಂದೇ ಬದಿ. ಮೊಗ್ಗಿನೊಳಗೆ ಮಡಚಿಕೊಂಡಿರುವಾಗ ಹೊರಗುಳಿದ ಅಂಚಿಗಷ್ಟೇ ಕುಚ್ಚು ಬರುತ್ತದೆ. ಅವರು ಅಂದು ಜಗಳವಾಡಲಿಲ್ಲ.

ಬೆಳಕಿನ ಬಗ್ಗೆ ಹೆಚ್ಚು ಹೇಳಬೇಕಿಲ್ಲ, ಮೋಡ ಕವಿದಿದ್ದರೆ ಸಾಕು. ಫೋನಿನವರಿಗೆ ಸೆನ್ಸರ್ ಚಿಕ್ಕದಾದ್ದರಿಂದ ಈ ಗೋಳೂ ಕಡಿಮೆ. ಮೊಗ್ಗು ಕಿತ್ತು ತಂದು ಒಳಗೆ ತೆಗೆಯುವವರೊಂದಿಗೆ ನನಗೆ ಮಾತಿಲ್ಲ.

ಇಡೀ ಮೊಗ್ಗು ಸ್ಪಷ್ಟವಾಗಲೇಬೇಕು ಅನ್ನುವವರಿಗೆ ಫೋಕಸ್ ಸ್ಟ್ಯಾಕಿಂಗ್ ಇದೆ: ಫೋಕಸನ್ನು ಚೂರುಚೂರೇ ಸರಿಸುತ್ತ ಸಾಲಾಗಿ ತೆಗೆದು ಸಾಫ್ಟ್‌ವೇರ್‌ನಲ್ಲಿ ಜೋಡಿಸುವುದು. ಗಾಳಿ ಪೂರ್ತಿ ನಿಂತಿದ್ದರೆ ಪ್ರಯತ್ನಿಸಿ. ಮೊದಲು ಮೊಗ್ಗಿನ ಮೇಲೆ ಗಿಡಹೇನು ಓಡಾಡುತ್ತಿದೆಯೇ ನೋಡಿಕೊಳ್ಳಿ, ಇಲ್ಲವಾದರೆ ಜೋಡಿಸಿದ ಚಿತ್ರದಲ್ಲಿ ಅದಕ್ಕೆ ಹನ್ನೆರಡು ಕಾಲು ಬಂದಿರುತ್ತವೆ.