ಗೇಟು ದಾಟಿದ ನಾಯಿಗೆ ಕಿವಿ ಕೇಳಿಸುವುದಿಲ್ಲ ಏಕೆ?

ಪ್ರಶ್ನೆ: ಸಿದ್ದಾಪುರದ ಹತ್ತಿರ ನಮ್ಮ ಕಾಫಿ ತೋಟ. ಒಂದೂವರೆ ವರ್ಷದ ಗಂಡು ನಾಯಿ ಇದೆ. ಮನೆಯೊಳಗೆ ಕೂರು ಅಂದರೆ ಕೂರುತ್ತದೆ, ಕೈ ಕೊಡು ಅಂದರೆ ಕೊಡುತ್ತದೆ. ಗೇಟು ದಾಟಿ ತೋಟಕ್ಕಿಳಿದರೆ ಎಷ್ಟು ಕೂಗಿದರೂ ತಿರುಗಿಯೂ ನೋಡುವುದಿಲ್ಲ. ಏನು ಮಾಡಲಿ?

‘ಕೈ ಕೊಡು’ ಬಾರದಿದ್ದರೂ ನಡೆಯುತ್ತದೆ. ‘ಬಾ’ ಅಂದರೆ ಬಾರದ ನಾಯಿಯನ್ನು ಮಾತ್ರ ಕೊಡಗಿನ ತೋಟದಲ್ಲಿ ಬಿಡುವ ಹಾಗಿಲ್ಲ. ಹಂದಿಗೆಂದು ಕ್ಲಚ್ ವೈರಿನಲ್ಲಿ ಒಡ್ಡಿದ ಉರುಳಿಗೆ ನಾಯಿಯ ಕತ್ತೂ ಸಿಗುತ್ತದೆ. ಆನೆಯನ್ನು ಕಂಡರೆ ಬೊಗಳಿ ಕೆಣಕುತ್ತದೆ, ಆನೆ ತಿರುಗಿ ಬಿದ್ದರೆ ಸೀದಾ ನಿಮ್ಮ ಕಾಲ ಬುಡಕ್ಕೇ ಓಡಿಬರುತ್ತದೆ. ಕರೆಯದೆ ಬರುವುದು ಆ ಒಂದು ಸಲ ಮಾತ್ರ!

ನಿಮ್ಮ ನಾಯಿಯದು ಹಟ ಅಲ್ಲ. ಈ ವಯಸ್ಸಿನಲ್ಲಿ ಹೊರಗಿನ ವಾಸನೆಯ ಸೆಳೆತ ಜಾಸ್ತಿ, ಅದು ಒಂದು ಕಾರಣ. ದೊಡ್ಡ ಕಾರಣ ಬೇರೆ ಇದೆ: ನೀವು ಅದನ್ನು ಏತಕ್ಕೆ ಕರೆಯುತ್ತೀರಿ ಎಂದು ನೆನಪಿಸಿಕೊಳ್ಳಿ. ನಾನು ‘ಬಾ’ ಅನ್ನುತ್ತಿದ್ದದ್ದು ಕಟ್ಟಿಹಾಕಲು, ಉಣುಗು ಕೀಳಲು, ಇಲ್ಲವೇ ಸ್ನಾನ ಮಾಡಿಸಲು. ನಮ್ಮ ಕರಿಯ ಆ ಮಾತನ್ನು ಚೆನ್ನಾಗಿಯೇ ಕಲಿತಿದ್ದ. ಕೇಳಿದ್ದೇ ತಡ ಕಾಫಿ ಗಿಡಗಳ ಅಡಿ ನುಗ್ಗುತ್ತಿದ್ದ. ಅರ್ಧ ಗಂಟೆ ಸತಾಯಿಸಿ ಬಂದಾಗ ನಾನು ಒಂದು ಏಟು ಹಾಕುತ್ತಿದ್ದೆ. ಏಟಾಗಲಿ ತಿಂಡಿಯಾಗಲಿ, ಒಂದೆರಡು ಸೆಕೆಂಡಿನೊಳಗೆ ಸಿಕ್ಕರಷ್ಟೇ ಏತಕ್ಕೆಂದು ನಾಯಿಗೆ ತಿಳಿಯುವುದು. ಅವನ ಲೆಕ್ಕದಲ್ಲಿ ಆ ಏಟು ಓಡಿದ್ದಕ್ಕಲ್ಲ, ಬಂದದ್ದಕ್ಕೆ.

ಹಾಗಾಗಿ ಹಳೆಯ ‘ಬಾ’ ಬಿಟ್ಟುಬಿಡಿ, ಅದು ಕೆಟ್ಟುಹೋಗಿದೆ. ಹಾಕಿ ಮೈದಾನದಲ್ಲಿ ಅಂಪೈರ್ ಊದುತ್ತಾರಲ್ಲ, ಅಂಥದೊಂದು ಸೀಟಿ ತನ್ನಿ. ಜುಲೈ ಮಳೆಯಲ್ಲಿ ಮನುಷ್ಯನ ಕೂಗಿಗಿಂತ ಅದು ದೂರ ಹೋಗುತ್ತದೆ, ಯಾರು ಊದಿದರೂ ಸ್ವರ ಒಂದೇ, ನಮ್ಮ ಸಿಟ್ಟೂ ಅದರಲ್ಲಿ ಗೊತ್ತಾಗುವುದಿಲ್ಲ. ಎರಡು ಸಲ ಚಿಕ್ಕದಾಗಿ ಊದಿ, ಕುಕ್ಕರಿನ ಕೂಗಿಗೂ ಇದಕ್ಕೂ ಗೊಂದಲ ಬೇಡ.

ಮೊದಲ ವಾರ ಅಡುಗೆಮನೆಯಲ್ಲೇ. ಊದಿ, ಆ ಕ್ಷಣವೇ ಬೇಯಿಸಿದ ಕೋಳಿಯ ಚಿಕ್ಕ ಚೂರು ಕೊಡಿ. ಉಪ್ಪು, ಖಾರ, ಮೂಳೆ ಬೇಡ. ಪಂದಿ ಕರಿಯ ತುಂಡು ಕೊಟ್ಟರಾಯಿತು ಅನ್ನಿಸಬಹುದು, ಆದರೆ ಅದರಲ್ಲಿರುವ ಈರುಳ್ಳಿ, ಬೆಳ್ಳುಳ್ಳಿ ನಾಯಿಯ ಕೆಂಪು ರಕ್ತಕಣಗಳನ್ನು ಹಾಳುಮಾಡುತ್ತವೆ. ಮಡಿಕೇರಿಯಿಂದ ನೆಂಟರು ತರುವ ಚಾಕೊಲೇಟೂ ಅದಕ್ಕೆ ವಿಷ.

ಸೀಟಿ ಕೇಳಿ ಪಕ್ಕದ ಕೋಣೆಯಿಂದ ಓಡಿಬರತೊಡಗಿದ ಮೇಲೆ ಅಂಗಳ, ಆಮೇಲೆ ಕಾಫಿ ಒಣಗಿಸುವ ಕಣ. ಕಣದಲ್ಲಿ ಹತ್ತು ಮೀಟರ್ ಹಗ್ಗ ಇರಲಿ, ಕತ್ತಿನ ಪಟ್ಟಿಗಲ್ಲ, ಎದೆಗೆ ಹಾಕುವ ಪಟ್ಟಿಗೆ ಕಟ್ಟಿ. ಗಿಡಗಳ ನಡುವೆ ಅಷ್ಟುದ್ದ ಹಗ್ಗ ಸಿಕ್ಕಿಬೀಳುತ್ತದೆ, ಬಯಲಲ್ಲೇ ಕಲಿಸಿ. ಬರುವುದಿಲ್ಲ ಎಂದು ನಿಮಗೇ ಗೊತ್ತಿರುವಾಗ ಊದಬೇಡಿ. ಬಾರದಿದ್ದರೆ ಹಿಂದೆ ಅಟ್ಟಿಸಿಕೊಂಡು ಹೋಗಬೇಡಿ, ಬೆನ್ನು ತಿರುಗಿಸಿ ನೀವೇ ಓಡಿ. ಎಷ್ಟೋ ಸಲ ಅದೇ ಬೆನ್ನಟ್ಟಿ ಬರುತ್ತದೆ.

ಜನ ತಪ್ಪುವುದು ಇದರ ಮುಂದೆ. ಹತ್ತು ಸಲ ಕರೆದರೆ ಒಂಬತ್ತು ಸಲ ತಿಂಡಿ ಕೊಟ್ಟು ‘ಹೋಗು’ ಎಂದು ಮತ್ತೆ ಬಿಟ್ಟುಬಿಡಬೇಕು. ಪ್ರತಿಸಲ ಸರಪಳಿ ಹಾಕಿದರೆ ವಾರದೊಳಗೆ ಸೀಟಿಯೂ ‘ಬಾ’ದ ಪಾಡಾಗುತ್ತದೆ. ಉಣುಗು ಕೀಳುವ ದಿನ ಕರೆಯಲೇಬೇಡಿ, ನೀವೇ ಅದರ ಹತ್ತಿರ ಹೋಗಿ.

ಕರಿಯನನ್ನು ತೋಟದಲ್ಲಿ ಹಗ್ಗವಿಲ್ಲದೆ ಬಿಡುವ ಧೈರ್ಯ ಬರಲು ನನಗೆ ಮೂರು ತಿಂಗಳು ಹಿಡಿಯಿತು. ಮಂಗ ಕಂಡರೂ ಈಗ ಬರುತ್ತಾನೆ. ಹಂದಿ ಎದ್ದರೆ ಇನ್ನೂ ಎರಡನೇ ಸಲ ಊದಬೇಕು. ಹಲಸು ಹಣ್ಣಾಗಿ ಆನೆ ಇಳಿಯುವ ದಿನಗಳಲ್ಲಂತೂ ಅವನನ್ನು ಬಿಡುವುದೇ ಇಲ್ಲ.