ಮ್ಯಾಕ್ ವಿಳಾಸದ ಎರಡನೆಯ ಅಂಕಿ

ಫೋನಿನ ಮ್ಯಾಕ್ ವಿಳಾಸವನ್ನು, ಅಂದರೆ ನೆಟ್‌ವರ್ಕಿನಲ್ಲಿ ಸಾಧನವನ್ನು ಗುರುತಿಸುವ ಸಂಖ್ಯೆಯನ್ನು, ಸೆಟ್ಟಿಂಗ್ಸ್‌ನಲ್ಲಿ ಹುಡುಕಿ, ಒಂದಕ್ಷರವೂ ತಪ್ಪದಂತೆ ರೌಟರಿನ ಅನುಮತಿ ಪಟ್ಟಿಗೆ ಸೇರಿಸಿದ ಮೇಲೂ ವೈಫೈ ಸಿಗದೆ ಒದ್ದಾಡುವವರು ಬಹಳ. ರೌಟರ್ ಕೆಟ್ಟಿರುವುದಿಲ್ಲ. ಇಂದಿನ ಫೋನು ಒಂದೊಂದು ನೆಟ್‌ವರ್ಕಿಗೂ ಒಂದೊಂದು ವಿಳಾಸ ಕಟ್ಟಿಕೊಂಡು ಹೋಗುತ್ತದೆ. ಆಂಡ್ರಾಯ್ಡ್‌ನಲ್ಲಿ 2019ರ 10ನೇ ಆವೃತ್ತಿಯಿಂದ, ಐಫೋನಿನಲ್ಲಿ 2020ರ ಐಓಎಸ್ 14ರಿಂದ ಇದೇ ರೂಢಿ. ರೌಟರಿಗೆ ಕಾಣುವ ವಿಳಾಸ ಬೇಕೆಂದರೆ, ಸಂಪರ್ಕದಲ್ಲಿರುವ ವೈಫೈ ಹೆಸರನ್ನು ಒತ್ತಿ ಅದರ ವಿವರದೊಳಗೆ ನೋಡಬೇಕು. ವಿಂಡೋಸ್ ಕಂಪ್ಯೂಟರಿನಲ್ಲಿ ಇದಕ್ಕೆ 'ಫಿಸಿಕಲ್ ಅಡ್ರೆಸ್' ಎಂಬ ಹೆಸರು. ಕಮ್ಯಾಂಡ್ ಪ್ರಾಂಪ್ಟ್‌ನಲ್ಲಿ 'ಗೆಟ್‌ಮ್ಯಾಕ್' ಎಂದು ಕೊಟ್ಟರೂ ಸಿಗುತ್ತದೆ.

ಕೈಗೆ ಸಿಕ್ಕ ವಿಳಾಸ ಕಾರ್ಖಾನೆಯದೋ, ಫೋನು ತಾನೇ ಹುಟ್ಟಿಸಿದ್ದೋ? ಆ ಗುರುತು ವಿಳಾಸದೊಳಗೇ ಇದೆ, ಮತ್ತು ನನಗೆ ಇಡೀ ವಿಷಯದಲ್ಲಿ ಅತಿ ಇಷ್ಟವಾದದ್ದು ಇದೇ. ವಿಳಾಸ 48 ಬಿಟ್‌ಗಳದ್ದು. ಬಿಟ್ ಎಂದರೆ ದೀಪದಂತೆ ಹೊತ್ತಿರುವ (1) ಇಲ್ಲವೇ ಆರಿರುವ (0) ಒಂದು ಗುರುತು. ಅದನ್ನು 12 ಅಂಕಿಗಳಲ್ಲಿ ಬರೆಯುತ್ತೇವೆ. ಹತ್ತರಿಂದ ಹದಿನೈದರವರೆಗಿನ ಬೆಲೆಗಳಿಗೆ ಎ, ಬಿ, ಸಿ, ಡಿ, ಇ, ಎಫ್ ಅಕ್ಷರಗಳು. ಒಂದೊಂದು ಅಂಕಿಯಲ್ಲೂ ನಾಲ್ಕು ಬಿಟ್. ಅವುಗಳ ಬೆಲೆ 8, 4, 2, 1. ಎಡದಿಂದ ಎರಡನೆಯ ಅಂಕಿಯಲ್ಲಿ 2ರ ಬಿಟ್ ಹೊತ್ತಿದ್ದರೆ 'ಈ ವಿಳಾಸ ಸ್ವಂತದ್ದು' ಎಂದರ್ಥ. ಆರಿದ್ದರೆ ತಯಾರಕರು ಕೊಟ್ಟದ್ದು. 1ರ ಬಿಟ್ ಗುಂಪಿಗೆ ಕಳಿಸುವ ಸಂದೇಶಗಳಿಗೆ ಮೀಸಲು, ಹಾಗಾಗಿ ಒಂದು ಸಾಧನದ ವಿಳಾಸದಲ್ಲಿ ಅದು ಆರಿಯೇ ಇರಬೇಕು. ಸ್ವಂತ ವಿಳಾಸದ ಎರಡನೆಯ ಅಂಕಿಗೆ ಉಳಿಯುವುದು ನಾಲ್ಕೇ: 2, 6, ಎ, ಇ. ವಿಳಾಸ 'ಡಿಎ' ಎಂದು ಶುರುವಾದರೆ ಎರಡನೆಯದು ಎ, ಅಂದರೆ 8 ಕೂಡಿಸು 2. ಫೋನು ತಾನೇ ಹುಟ್ಟಿಸಿದ್ದು, ಸಂಶಯವೇ ಬೇಡ. ಕಾರ್ಖಾನೆಯದಾದರೆ ಮೊದಲ ಆರು ಅಂಕಿಗಳು ಸಾಮಾನ್ಯವಾಗಿ ತಾಂತ್ರಿಕ ಮಾನದಂಡಗಳನ್ನು ರೂಪಿಸುವ ಐಇಇಇ ಸಂಸ್ಥೆ ತಯಾರಕರಿಗೆ ಹಂಚಿದ ಸಂಖ್ಯೆ.

ಜೆರಾಕ್ಸ್ ಕಂಪನಿಯ ಪಾರ್ಕ್ ಪ್ರಯೋಗಾಲಯದಲ್ಲಿ 1970ರ ದಶಕದಲ್ಲಿ ಹುಟ್ಟಿದ, ಕಂಪ್ಯೂಟರುಗಳನ್ನು ತಂತಿಯಿಂದ ಜೋಡಿಸುವ ಈಥರ್ನೆಟ್‌ಗೆ ಮೊದಲಿದ್ದದ್ದು ಬರೀ 8 ಬಿಟ್ ವಿಳಾಸ, ಅಂದರೆ 256 ಸಂಖ್ಯೆಗಳು. 1980ರ ಈಥರ್ನೆಟ್ ವಿವರಣೆಯಲ್ಲಿ ಅದು 48ಕ್ಕೆ ಏರಿತು. ಏಕೆಂದು ಜೆರಾಕ್ಸ್‌ನವರೇ ಆದ ಯೋಗೆನ್ ದಲಾಲ್ ಮತ್ತು ರಾಬರ್ಟ್ ಪ್ರಿಂಟಿಸ್ 1981ರ ಪ್ರಬಂಧದಲ್ಲಿ ವಾದಿಸಿದರು: ಯಂತ್ರವನ್ನು ಯಾವ ನೆಟ್‌ವರ್ಕಿಗೆ ಒಯ್ದರೂ ಅದರ ಸಂಖ್ಯೆ ಬದಲಾಗಬಾರದು. ಸುಮಾರು 281 ಲಕ್ಷ ಕೋಟಿ ಸಂಖ್ಯೆಗಳು! ಮೇಜಿನ ಮೇಲೆ ಕೂತ ಯಂತ್ರಕ್ಕೆ ಅದು ವರವಾಗಿತ್ತು. ಜೇಬಿನಲ್ಲಿ ಓಡಾಡುವ ಫೋನು ವೈಫೈ ಹುಡುಕುತ್ತಾ ಹೋದಲ್ಲೆಲ್ಲಾ ಅದೇ ಸಂಖ್ಯೆಯನ್ನು ಸಾರತೊಡಗಿದಾಗ, ಕಿವಿಗೊಟ್ಟವರಿಗೆಲ್ಲಾ ಅದರ ಜಾಡು ಸಿಕ್ಕಿತು. ಬದಲಾಗುವ ವಿಳಾಸ ಬಂದದ್ದು ಇದಕ್ಕೇ.

'ಮ್ಯಾಕ್ ವಿಳಾಸ ಸಿಕ್ಕರೆ ಇಂಟರ್ನೆಟ್‌ನಲ್ಲಿ ಎಲ್ಲಿದ್ದರೂ ಹಿಡಿಯಬಹುದು' ಎಂಬ ನಂಬಿಕೆ ಮಾತ್ರ ಸಾಯುತ್ತಲೇ ಇಲ್ಲ. ಪ್ರತಿ ಅಂಚೆ ಕಚೇರಿಯಲ್ಲೂ ಹೊರ ಲಕೋಟೆ ಬದಲಿಸಿ, ಒಳಗಿನ ಕಾಗದವನ್ನಷ್ಟೇ ಮುಂದೆ ಕಳಿಸಿದಂತೆ ಇಲ್ಲಿನ ವ್ಯವಸ್ಥೆ. ಮ್ಯಾಕ್ ಇರುವುದು ಹೊರ ಲಕೋಟೆಯ ಮೇಲೆ. ಮೊದಲ ರೌಟರಿನಲ್ಲೇ ಅದು ಕಳಚುತ್ತದೆ. ಬ್ರೌಸರಿನಲ್ಲಿ ತೆರೆದ ಪುಟಕ್ಕೆ ಅದು ತಲುಪುವುದಿಲ್ಲ.

ಇನ್ನು ಆ ಅನುಮತಿ ಪಟ್ಟಿ. ಅದನ್ನು ಬೀಗವೆಂದು ನಂಬಬೇಡಿ. ವೈಫೈನಲ್ಲಿ ಮಾಹಿತಿ ಗೂಢಲಿಪಿಯಲ್ಲಿ ಹೋದರೂ ಮ್ಯಾಕ್ ವಿಳಾಸ ಬಯಲಲ್ಲೇ ಹೋಗುತ್ತದೆ. ಕದ್ದು ಕೇಳಿದವರು ಅದನ್ನೇ ತಮ್ಮದಾಗಿ ಹಾಕಿಕೊಳ್ಳಬಹುದು. ಗಟ್ಟಿ ಪಾಸ್‌ವರ್ಡ್ ಇಟ್ಟು ಡಬ್ಲ್ಯೂಪಿಎ2 ಅಥವಾ ಡಬ್ಲ್ಯೂಪಿಎ3 ಎಂಬ ವೈಫೈ ಭದ್ರತಾ ವಿಧಾನವನ್ನು ಆಯ್ದುಕೊಳ್ಳಿ. ಪಟ್ಟಿ ಬೇಕೇ ಬೇಕೆಂದರೆ, ನಿಮ್ಮ ಮನೆಯ ನೆಟ್‌ವರ್ಕಿಗೆ ಮಾತ್ರ ಫೋನು ತಾನೇ ವಿಳಾಸ ಹುಟ್ಟಿಸುವ 'ಖಾಸಗಿ ವಿಳಾಸ'ದ ಆಯ್ಕೆಯನ್ನು ಆಫ್ ಮಾಡಿ. ಹೊರಗೆ ಹೋದಾಗ ಅದು ಎಂದಿನಂತೆ ಇರಲಿ.