ಹಾಡು ಹಾಕಿದರೆ ಕಾಲು ತಾನಾಗಿ ಓಡುತ್ತಾ?

ಪ್ರಶ್ನೆ: ಬೆಳಿಗ್ಗೆ ಜಿಮ್‌ಗೆ ಹೋದಾಗ ಕಿವಿಯಲ್ಲಿ ಹಾಡಿಲ್ಲದಿದ್ದರೆ ನನಗೆ ಮೈಯೇ ಏಳುವುದಿಲ್ಲ. ಇಯರ್‌ಫೋನ್ ಮರೆತ ದಿನ ಬಾಗಿಲಿನಿಂದಲೇ ವಾಪಸ್ ಬಂದಿದ್ದೂ ಇದೆ. ಗೆಳೆಯ ಮಾತ್ರ ‘ಅದೆಲ್ಲ ನಿನ್ನ ಭ್ರಮೆ’ ಅಂತಾನೆ. ಹಾಡಿನಿಂದ ನಿಜಕ್ಕೂ ಶಕ್ತಿ ಬರುತ್ತಾ? ಬರುವುದಾದರೆ ಎಂಥ ಹಾಡು ಹಾಕಿಕೊಳ್ಳಲಿ?

ಉತ್ತರ: ಶಕ್ತಿ ಬರುವುದಿಲ್ಲ. ಅದು ಬರುವುದು ನೀವು ತಿಂದ ಮುದ್ದೆ, ಇಡ್ಲಿಯಿಂದ. ಆದರೆ ಒಳಗಿರುವ ಶಕ್ತಿಯನ್ನು ಖರ್ಚು ಮಾಡಲು ಮನಸ್ಸು ಸುಲಭಕ್ಕೆ ಒಪ್ಪುವುದಿಲ್ಲ, ಅಲ್ವಾ? ಅದನ್ನು ಒಪ್ಪಿಸುವ ಕೆಲಸ ಹಾಡಿನದು. ಹಾಗಾಗಿ ನಿಮ್ಮ ಗೆಳೆಯ ಹೇಳಿದ್ದರಲ್ಲಿ ಅರ್ಧ ನಿಜ. ಇನ್ನರ್ಧ ಅವರಿಗೆ ಗೊತ್ತಿದ್ದಂತಿಲ್ಲ.

ಇಂಗ್ಲೆಂಡಿನ ಲಿವರ್‌ಪೂಲ್‌ನಲ್ಲಿ ಕೆಲವು ಸಂಶೋಧಕರು 12 ಹುಡುಗರನ್ನು ವ್ಯಾಯಾಮದ ಸೈಕಲ್ ಮೇಲೆ ಕೂರಿಸಿದರು. ಇಪ್ಪತ್ತೈದು ನಿಮಿಷ, ತಮಗೆ ಹಿತವೆನಿಸುವ ವೇಗದಲ್ಲಿ ತುಳಿಯಬೇಕು. ಜೊತೆಗೆ ಆರು ಜನಪ್ರಿಯ ಹಾಡು. ಒಂದು ದಿನ ಹಾಡು ಇದ್ದ ಹಾಗೇ ಹಾಕಿದರು. ಇನ್ನೊಂದು ದಿನ ಅದೇ ಹಾಡಿನ ವೇಗವನ್ನು ಶೇ. 10ರಷ್ಟು ಏರಿಸಿದರು, ಮತ್ತೊಂದು ದಿನ ಅಷ್ಟೇ ಇಳಿಸಿದರು. ಹುಡುಗರಿಗೆ ಈ ಗುಟ್ಟು ಹೇಳಲಿಲ್ಲ. ಹಾಡು ಚುರುಕಾದ ದಿನ ಅವರು ತುಳಿದ ದೂರ ಶೇ. 2ರಷ್ಟು ಹೆಚ್ಚಿತು, ಕಾಲಿನ ಜೋರು ಶೇ. 3.5ರಷ್ಟು ಏರಿತು. ಹಾಡು ನಿಧಾನವಾದ ದಿನ ಜೋರು ಶೇ. 10ರ ಹತ್ತಿರ ಕುಸಿಯಿತು. 2010ರಲ್ಲಿ ಪ್ರಕಟವಾದ ಪ್ರಯೋಗ ಇದು.

ನನಗೆ ಮಜಾ ಅನಿಸಿದ್ದು ಬೇರೆಯೇ. ಚುರುಕು ಹಾಡಿನ ದಿನ ಹುಡುಗರಿಗೆ ಆಯಾಸ ಕಮ್ಮಿ ಅನಿಸಲಿಲ್ಲ. ಸ್ವಲ್ಪ ಜಾಸ್ತಿಯೇ ಅನಿಸಿತು. ಆದರೂ ಆ ಹಾಡೇ ಅವರಿಗೆ ಇಷ್ಟವಾಯಿತು. ಅಂದರೆ ಹಾಡು ಅವರ ಕಣ್ಣಿಗೆ ಮಣ್ಣೆರಚಲಿಲ್ಲ. ಕಷ್ಟಪಡುತ್ತಿದ್ದೇವೆ ಅಂತ ಗೊತ್ತಿದ್ದೂ ಖುಷಿಯಿಂದ ಕಷ್ಟಪಟ್ಟರು. ಇದನ್ನು ಭ್ರಮೆ ಅನ್ನಲು ನನಗೆ ಮನಸ್ಸಿಲ್ಲ.

ಇದು ಹೊಸ ವಿಷಯವೂ ಅಲ್ಲ. ನ್ಯೂಯಾರ್ಕಿನಲ್ಲಿ ಆರು ದಿನದ ಸೈಕಲ್ ರೇಸ್‌ಗಳು ನಡೆಯುತ್ತಿದ್ದ ಕಾಲದಲ್ಲಿ, ಬ್ಯಾಂಡ್ ನುಡಿಸುವಾಗ ಸವಾರರ ವೇಗ ಹೆಚ್ಚುತ್ತದೆ, ಬ್ಯಾಂಡ್ ನಿಂತಾಗ ಇಳಿಯುತ್ತದೆ ಎಂದು 1911ರಲ್ಲೇ ಒಬ್ಬರು ಲೆಕ್ಕ ಹಾಕಿ ಬರೆದಿದ್ದಾರೆ. ಅದಕ್ಕೂ ಎಷ್ಟೋ ಮುಂಚೆ ನಮ್ಮ ಹಳ್ಳಿಯ ಹೆಂಗಸರಿಗೆ ಇದು ಗೊತ್ತಿತ್ತು. ಬೀಸುವ ಕಲ್ಲಿನ ಮುಂದೆ ಇಬ್ಬರು ಎದುರುಬದುರು ಕೂತು, ಒಂದೇ ಗೂಟ ಹಿಡಿದು ರಾಗಿ ಬೀಸುವಾಗ ಹಾಡುತ್ತಿದ್ದರಲ್ಲ, ಆ ಬೀಸುವ ಪದ ಬರೀ ಬೇಸರ ಕಳೆಯುವುದಕ್ಕಲ್ಲ. ಪದದ ಲಯಕ್ಕೆ ಕಲ್ಲು ಸುತ್ತುತ್ತದೆ. ಇಬ್ಬರ ಕೈಯೂ ಒಟ್ಟಿಗೆ ಎಳೆಯುತ್ತದೆ. ಒಬ್ಬಳು ಮುಂದೆ, ಒಬ್ಬಳು ಹಿಂದೆ ಆದರೆ ಕಲ್ಲು ತಡವರಿಸುತ್ತದೆ. ಕುಟ್ಟುವ ಪದಕ್ಕೂ ಇದೇ ಲೆಕ್ಕ, ನಾಟಿ ಹಾಕುವವರ ಹಾಡಿಗೂ ಇದೇ. ಒಂದು ವ್ಯತ್ಯಾಸ ಮಾತ್ರ ಇದೆ: ಅವರ ಹಾಡು ಅವರ ಬಾಯಲ್ಲೇ ಇತ್ತು, ಚಾರ್ಜ್ ಮುಗಿಯುತ್ತಿರಲಿಲ್ಲ.

ಹಾಗಾದರೆ ಹಾಡು ಮಾಡುವುದೇನು? ಎರಡು ಕೆಲಸ. ಮೊದಲನೆಯದು, ಗಮನ ಬೇರೆಡೆಗೆ ಸೆಳೆಯುವುದು. ಮಿದುಳಿಗೆ ಒಂದೇ ಹೊತ್ತಿಗೆ ಎಲ್ಲವನ್ನೂ ಕೇಳಿಸಿಕೊಳ್ಳಲು ಆಗುವುದಿಲ್ಲ. ಹಾಡು ಕೇಳುತ್ತಿದ್ದರೆ ತೊಡೆಯ ದೂರು, ಏದುಸಿರಿನ ದೂರು ಅಷ್ಟಾಗಿ ಕಿವಿಗೆ ಬೀಳುವುದಿಲ್ಲ. ಇದಕ್ಕೊಂದು ಮಿತಿ ಇದೆ. ಚುರುಕಾದ ನಡಿಗೆ, ಹಗುರ ಓಟದ ತನಕ ಈ ಉಪಾಯ ಚೆನ್ನಾಗಿ ನಡೆಯುತ್ತದೆ. ಮಾತಾಡಲೂ ಉಸಿರು ಸಾಲದಷ್ಟು ಜೋರಾಗಿ ಓಡುತ್ತಿದ್ದರೆ ಆಗ ಮೈಯೇ ಗೆಲ್ಲುತ್ತದೆ. ಎಂಥ ಹಾಡು ಹಾಕಿದರೂ ಸುಸ್ತು ಸುಸ್ತೇ. ಆದರೂ ಆ ಹೊತ್ತಿನಲ್ಲಿ ಮನಸ್ಸು ಪೂರ್ತಿ ಕಹಿಯಾಗದಂತೆ ನೋಡಿಕೊಳ್ಳಲು ಹಾಡಿಗೆ ಆಗುತ್ತದೆ.

ಎರಡನೆಯದು ಲಯ. ಹೆಜ್ಜೆ ಹಾಡಿನ ಬಡಿತಕ್ಕೆ, ಅಂದರೆ ಬೀಟ್‌ಗೆ, ಕೂಡಿಕೊಂಡರೆ ವೇಗ ಏರುಪೇರಾಗುವುದಿಲ್ಲ. ಇಥಿಯೋಪಿಯಾದ ದೊಡ್ಡ ಓಟಗಾರ ಹೈಲೆ ಗೆಬ್ರೆಸೆಲಾಸಿ ಓಡುವಾಗ ಸ್ಟೇಡಿಯಂನಲ್ಲಿ ‘ಸ್ಕ್ಯಾಟ್‌ಮನ್’ ಹಾಡು ಹಾಕಿಸುತ್ತಿದ್ದರು ಎನ್ನುವುದು ಓಟದ ಹುಚ್ಚಿರುವವರೆಲ್ಲ ಹೇಳುವ ಕಥೆ.

ಈಗ ಎಂಥ ಹಾಡು ಅನ್ನುವುದಕ್ಕೆ ಬರೋಣ. ಲಂಡನ್ನಿನ ಬ್ರೂನೆಲ್ ವಿಶ್ವವಿದ್ಯಾಲಯದಲ್ಲಿ ಇದನ್ನೇ ವರ್ಷಗಟ್ಟಲೆ ಅಧ್ಯಯನ ಮಾಡಿದ ಕೋಸ್ಟಾಸ್ ಕರಗಿಯೋರ್ಗಿಸ್ ಅವರ ಪ್ರಕಾರ, ವ್ಯಾಯಾಮಕ್ಕೆ ನಿಮಿಷಕ್ಕೆ ಸುಮಾರು 120ರಿಂದ 140 ಬಡಿತದ ಹಾಡು ಒಗ್ಗುತ್ತದೆ. ಅದಕ್ಕಿಂತ ವೇಗದ ಹಾಡು ಹಾಕಿದರೆ ಹೆಚ್ಚಿನ ಲಾಭವೇನೂ ಸಿಗುವುದಿಲ್ಲ. ಬಡಿತ ಎಣಿಸುವುದು ಸುಲಭ. ಹದಿನೈದು ಸೆಕೆಂಡ್ ತೊಡೆ ತಟ್ಟಿ, ಸಿಕ್ಕ ಸಂಖ್ಯೆಯನ್ನು ನಾಲ್ಕರಿಂದ ಗುಣಿಸಿ. ಮೂವತ್ತೆರಡು ಸಲ ತಟ್ಟಿದ್ದರೆ 128. ಓಡುವವರು ಇನ್ನೊಂದು ದಾರಿ ಹಿಡಿಯಬಹುದು: 80ರಿಂದ 85 ಬಡಿತದ ಹಾಡಿಗೆ ಬಡಿತಕ್ಕೆ ಎರಡು ಹೆಜ್ಜೆ. ಭಾರ ಎತ್ತುವವರಿಗೆ ಈ ಲೆಕ್ಕ ಬೇಕಿಲ್ಲ. ಡಂಬೆಲ್ ಯಾವ ತಾಳಕ್ಕೂ ಕುಣಿಯುವುದಿಲ್ಲ. ಎತ್ತುವ ಮುಂಚಿನ ಅರ್ಧ ನಿಮಿಷದಲ್ಲಿ ರಕ್ತ ಬಿಸಿ ಮಾಡುವ ಹಾಡಿದ್ದರೆ ಸಾಕು.

ನಮ್ಮ ಸಿನಿಮಾ ಹಾಡುಗಳಲ್ಲಿ ಒಂದು ತೊಂದರೆ ಇದೆ. ಹೀರೋ ಬರುವ ಹಾಡು ಅಂದರೆ ಮೊದಲ ಒಂದು ನಿಮಿಷ ಬರೀ ಧೂಳು, ಗಾಳಿ, ನಾಲ್ಕು ಡೈಲಾಗು. ಥಿಯೇಟರಿನಲ್ಲಿ ಅದು ಸರಿ. ಟ್ರೆಡ್‌ಮಿಲ್ ಮೇಲೆ ನಿಂತವನಿಗೆ ಅದು ಶಿಕ್ಷೆ. ನಾನು ಹೋಗುತ್ತಿದ್ದ ಒಂದು ಜಿಮ್‌ನಲ್ಲಿ ಒಂದೇ ರೀಮಿಕ್ಸ್ ಪಟ್ಟಿಯನ್ನು ಎಂಟು ತಿಂಗಳು ಹಾಕಿದರು. ಕೊನೆಕೊನೆಗೆ ಮೂರನೇ ಹಾಡು ಶುರುವಾದರೆ ನನಗೆ ಕೈಯೇ ಸೋಲುತ್ತಿತ್ತು. ಕೇಳಿ ಕೇಳಿ ಸವೆದ ಹಾಡು ಕೆಲಸಕ್ಕೆ ಬಾರದು.

ಈಗ ನನ್ನ ಪಟ್ಟಿಯಲ್ಲಿ ಸಿನಿಮಾದ್ದು ಕಮ್ಮಿ. ಚರಣ್ ರಾಜ್ ಸಂಗೀತದ ‘ಟಗರು ಬಂತು ಟಗರು’ ಉಳಿದುಕೊಂಡಿದೆ. ಮಿಕ್ಕಂತೆ ಡೊಳ್ಳು, ತಮಟೆ, ಹಲಗೆ. ಮಂಗಳೂರಿನ ಹುಲಿವೇಷದ ತಾಸೆ ಪೆಟ್ಟು ಕೇಳಿದ್ದೀರಾ? ಮೈಗೆ ಬಣ್ಣ ಬಳಿದುಕೊಂಡು ದಿನವಿಡೀ ಬೀದಿಯಲ್ಲಿ ಕುಣಿಯುವವರನ್ನು ನಿಲ್ಲಲು ಬಿಡದ ಪೆಟ್ಟು ಅದು. ಅದರ ಮುಂದೆ ನನ್ನ ಐದು ಕಿಲೋಮೀಟರ್ ಯಾವ ಲೆಕ್ಕ! ಮಾತಿಲ್ಲದ ವಾದ್ಯ ಅನ್ನುವ ಕಾರಣಕ್ಕೆ ಬೇಗ ಬೇಸರವೂ ಆಗುವುದಿಲ್ಲ.

ಇನ್ನೊಂದು ಮಾತು. ತುಂಬ ಇಷ್ಟದ ಹಾಡನ್ನು ಮೊದಲೇ ಹಾಕಿ ಮುಗಿಸಬೇಡಿ. ಶುರುವಿನಲ್ಲಿ ನಿಮಗೆ ಹೇಗೂ ಹುರುಪು ಇರುತ್ತದೆ. ‘ಸಾಕಪ್ಪಾ’ ಅನಿಸುವ ನಿಮಿಷ ಯಾವುದು ಅಂತ ನೋಡಿಕೊಳ್ಳಿ. ನನಗೆ ಅದು ಇಪ್ಪತ್ತೆರಡನೆಯ ನಿಮಿಷ. ತಾಸೆ ಕಾಯುವುದು ಅಲ್ಲಿ.

ಸದ್ದಿನ ಬಗ್ಗೆ ಸ್ವಲ್ಪ ಎಚ್ಚರ ಇರಲಿ. 80 ಡೆಸಿಬೆಲ್‌ನ ಸದ್ದನ್ನು ವಾರಕ್ಕೆ 40 ಗಂಟೆ ಕೇಳಬಹುದು ಎನ್ನುತ್ತದೆ ವಿಶ್ವ ಆರೋಗ್ಯ ಸಂಸ್ಥೆ. 90ಕ್ಕೆ ಏರಿದರೆ ಅದು ಬರೀ 4 ಗಂಟೆ. ಜಿಮ್‌ನ ಸ್ಪೀಕರ್ ಮುಚ್ಚಿಹಾಕಲು ನಾವು ಇಯರ್‌ಫೋನ್ ಸದ್ದು ಏರಿಸುತ್ತೇವಲ್ಲ, ಅಲ್ಲೇ ಕಿವಿ ಹಾಳಾಗುವುದು. ರಸ್ತೆಯಲ್ಲಿ ಓಡುವವರಂತೂ ಒಂದು ಕಿವಿ ಖಾಲಿ ಬಿಡಲೇಬೇಕು. ಹಿಂದಿನಿಂದ ಬರುವ ಬೈಕಿಗೆ ನಿಮ್ಮ ತಾಳ ಗೊತ್ತಿರುವುದಿಲ್ಲ.

ಇಯರ್‌ಫೋನ್ ಮರೆತ ದಿನ ವಾಪಸ್ ಬರಬೇಡಿ. ನಾನೂ ಒಂದು ದಿನ ಕಬ್ಬನ್ ಪಾರ್ಕಿನಲ್ಲಿ ಬರಿಗಿವಿಯಲ್ಲಿ ನಿಂತಿದ್ದೆ. ಆಮೇಲೆ ನಾಲ್ಕು ಹೆಜ್ಜೆಗೆ ಒಂದು ‘ತಕಧಿಮಿ’ ಅಂತ ಬಾಯಲ್ಲೇ ಹೇಳಿಕೊಂಡು ಓಡಿದೆ. ಎದುರಿಗೆ ಬಂದ ಯಜಮಾನರೊಬ್ಬರು ವಿಚಿತ್ರವಾಗಿ ನೋಡಿದರು. ಎರಡನೇ ಸುತ್ತಿನಲ್ಲಿ ಸಿಕ್ಕಾಗ ಅವರ ಕೈಬೆರಳೂ ತೊಡೆಯ ಮೇಲೆ ತಾಳ ಹಾಕುತ್ತಿತ್ತು.